ಬಂದು ಹೇಳಿದ ಮೇಲೆ ಅಳಿಸುವ ಸಾಲು

ಆ ದಿನ ಬೆಳಿಗ್ಗೆ ನನ್ನ ಹಲ್ಲು ನೋಯುತ್ತಿತ್ತು. ನಮ್ಮವರು ಬಂದರಿನ ಕೆಲಸಕ್ಕೆ ಹೊರಟಿದ್ದರು. ರೊಟ್ಟಿ ಕಟ್ಟಿಕೊಡುತ್ತಾ, ನನಗೆ ಕೊಂಕಣಿ ಬರುವುದಿಲ್ಲ, ದವಾಖಾನೆಗೆ ಜೊತೆಗೆ ಬನ್ನಿ ಎಂದೆ.

"ನಿನ್ನ ಹಲ್ಲಿಗಿ ನನ್ನ ಬಾಯಿ ಎಷ್ಟ ದಿನಾ ಬಾಡಿಗಿ ಕೊಡ್ಲಿ?" ಎಂದರು.

"ಹಂಗಾದ್ರ ರೊಟ್ಟಿನೂ ನೀವ ಬಡಕೋರ್ರಿ."

ನಕ್ಕರು. ಸೀಮೆಸುಣ್ಣ ತಗೊಂಡು ಅಂಗಳದ ಹಲಗೆಯ ಮೇಲೆ ಬರೆದರು: "ಸುಂದರವ್ವ ಒಬ್ಬಳೇ ದವಾಖಾನೆಗೆ ಹೋಗಿ, ಯಾವ ಹಲ್ಲು ನೋಯುತ್ತದೆ ಎಂದು ಕೊಂಕಣಿಯಲ್ಲಿ ತಿಳಿಸಿ, ಡಾಕ್ಟರು ಏನಂದರು ಎಂದು ಬಂದು ಹೇಳಬೇಕು." ಸಂಜೆ ಬಂದು ಮಾತು ಕಲಿಸುತ್ತೇನೆ ಎಂದು ಹೋದರು. ಮಧ್ಯಾಹ್ನ ಊಟಕ್ಕೆ ಕೂತವರು ಏಳಲಿಲ್ಲ. ಎದೆ ನಿಂತಿತ್ತು. ಅದು ಎರಡು ಸಾವಿರದ ಒಂಬತ್ತನೇ ಇಸವಿ.

ಅವರ ಹೆಸರು ಹುಲಿಗೆಪ್ಪ. ಬಾಯಲ್ಲಿ ಹೇಳುವುದಿಲ್ಲ, ಬರೆಯುತ್ತೇನೆ. ಊರು ವಿಜಾಪುರದ ಕಡೆ. ಇಲ್ಲಿ ಬಂದರಿನ ಪಕ್ಕದ ಸಡಾ ಬಡಾವಣೆಗೆ ಬಂದು ಹಡಗಿನ ಮಾಲು ಹೊರುತ್ತಾ ಹೊರುತ್ತಾ ಕೊಂಕಣಿ ಕಲಿತರು. ನಮ್ಮ ಜನ ಬಸ್ಸಿನಲ್ಲಿ, ಅಂಗಡಿಯಲ್ಲಿ ಮೂಕರಂತೆ ನಿಲ್ಲುವುದು ನೋಡಿ ಅವರಿಗೆ ಸಿಟ್ಟು ಬರುತ್ತಿತ್ತು. ಮುರಿದ ಕಪಾಟಿನ ಬಾಗಿಲಿಗೆ ಕಪ್ಪು ಬಳಿದು, ಸಂಜೆ ನಮ್ಮ ಅಂಗಳದಲ್ಲೇ ಪಾಠ ಶುರು ಮಾಡಿದರು.

ಮೊದಲ ವಾರ ಹಲಗೆಯ ಮೇಲೆ "ಇಂದು ಬಸ್ಸಿನ ಮಾತು" ಎಂದಷ್ಟೇ ಬರೆದಿದ್ದರು. ಎಲ್ಲರೂ ಗಿಣಿಯ ಹಾಗೆ ಹೇಳಿದರು. ಮರುದಿನ ಗೌಂಡಿ ಕೆಲಸದ ಪಾಂಡಪ್ಪ ಪಣಜಿಗೆ ಹೊರಟ. ಕಂಡಕ್ಟರನಿಗೆ ಕೊಂಕಣಿಯಲ್ಲೇ ಕೇಳಿದ. ಅವನು ಉದ್ದಕ್ಕೆ ಏನೋ ಅಂದ. ಪಾಂಡಪ್ಪ ತಲೆ ಆಡಿಸಿ ಹತ್ತಿ ಕೂತ. ಇಳಿದದ್ದು ಮಡಗಾಂವಿನಲ್ಲಿ.

"ನಾ ಏನ ಅನ್ಬೇಕು ಅನ್ನೂದ ಕಲಿಸಿದ್ರಿ, ಗುರುವೇ. ಅಂವಾ ಅಂದಿದ್ದು ತಿಳಕೊಳ್ಳೂದು ಯಾವಾಗ ಕಲಸ್ತೀರಿ?" ಎಂದು ಪಾಂಡಪ್ಪ ಕೇಳಿದ.

ಎಲ್ಲರೂ ನಕ್ಕರು, ನಮ್ಮವರೂ ನಕ್ಕರು. ಆಮೇಲೆ ಊಟ ಬಿಟ್ಟು ಹಲಗೆಯ ಮುಂದೆ ಕೂತರು. ಇದ್ದದ್ದನ್ನು ಅಳಿಸಿ ಹೊಸದಾಗಿ ಬರೆದರು: "ಪಾಂಡಪ್ಪ ಪಣಜಿಗೆ ಹೋಗಿ, ಕಂಡಕ್ಟರು ಏನಂದ ಎಂದು ಬಂದು ಹೇಳಬೇಕು."

ಅಲ್ಲಿಂದ ಅದೇ ಪದ್ಧತಿ. ಯಾರು, ಎಲ್ಲಿ, ಏನು ಮಾಡಬೇಕು, ಏನು ತಿಳಿದುಕೊಂಡು ಬರಬೇಕು. ಆ ಸಾಲಿಗೆ ಬೇಕಾದ ಮಾತಷ್ಟೇ ಪಾಠ. "ಕೊಂಕಣಿ ಕಲೀಬೇಕು ಅಂತ ಬರದ್ರ, ಕಲತವರು ಯಾರು, ಕಲೀದವರು ಯಾರು, ಹೆಂಗ ಗೊತ್ತಾಗ್ತದ?" ಎನ್ನುತ್ತಿದ್ದರು. ಹೋಗಿ ಬಂದವರೇ ತಮ್ಮ ಸಾಲು ಅಳಿಸಬೇಕು. ಅದು ಅಳಿಸುವ ತನಕ ಬೇರೆ ಸಾಲು ಬರೆಯುವಂತಿಲ್ಲ.

ಬೀಚಿನಲ್ಲಿ ಸರ ಮಾರುವ ಚಂದ್ರಿಬಾಯಿ ಮಗಳ ಶಾಲೆಯ ಟೀಚರಬಾಯಿಯನ್ನು ಮಾತಾಡಿಸಿ ಬಂದಳು. "ಮಗಳು ಚಲೋ ಹಾಡ್ತಾಳಂತ. ಲೆಕ್ಕದಾಗ ಅವ್ವನಂಗ ಅಂತ!" ಎಂದು ಎದೆ ಉಬ್ಬಿಸಿ ಹೇಳಿದಳು. ಅವಳು ಸಾಲು ಅಳಿಸುವಾಗ ನಮ್ಮವರ ಮುಖ ನೋಡಬೇಕಿತ್ತು. ಅಂಥ ಗಂಡ ನನ್ನವನು.

ಅವರ ದಿನ ಮಾಡಿ ಮುಗಿಸಿದ ಮೇಲೆ ಜನ ಪಾಠಕ್ಕೆ ಬಂದು ಕೂತರು. ಹಲಗೆಯ ಮೇಲೆ ನನ್ನ ಸಾಲು ಹಾಗೇ ಇತ್ತು. ಚಂದ್ರಿಬಾಯಿ ಅಳಿಸುವ ಅರಿವೆ ಎತ್ತಿದಳು. ನಾನು ಕಸಿದುಕೊಂಡೆ.

"ಮುಟ್ಟಬ್ಯಾಡ. ಅವರ ಕೈಬರಹ ಅದೊಂದ ಉಳದೈತಿ."

"ಹಂಗಾದ್ರ ಪಾಠ?" ಎಂದಳು.

ಪಾಂಡಪ್ಪ ಮೆಲ್ಲಗೆ ಅಂದ: "ಅಕ್ಕಾ, ಗುರುವಿನ ಕಾನೂನು ಗುರುವಿನ ಹೆಂಡ್ತಿಗೆ ಇಲ್ಲೇನು?"

ನಾನು ಹಲಗೆಯ ಮೇಲೆ ಸೀರೆಯ ತುಂಡು ಹೊದಿಸಿದೆ. ಜನ ಬಂದರು, ನೋಡಿದರು, ಹೋದರು. ಬರಬರುತ್ತಾ ಅರ್ಧ ಆದರು. ಒಂದು ಸಂಜೆ ಪಾಂಡಪ್ಪ ಒಬ್ಬನೇ ಬಂದ. ಅಂಗಳ ಬರಿದು. ಅಕ್ಷರ ಉಳಿಸಿದರೆ ಪಾಠ ಹೋಗುತ್ತದೆ. ಪಾಠ ಹೋದರೆ ನಮ್ಮವರದು ಇನ್ನೇನು ಉಳಿಯಿತು?

"ಪಾಂಡಪ್ಪ, ಎಲ್ಲಾರನ್ನೂ ಕರಕೊಂಡ ಬಾ. ನನಗ ಹಲ್ಲಿನ ಮಾತು ಕಲಸ್ರಿ" ಎಂದೆ.

ಬಂದರು. ಚಂದ್ರಿಬಾಯಿ ಡಾಕ್ಟರಾದಳು. ನನ್ನ ಬಾಯಿಗೆ ಚಮಚ ತುರುಕಿ, "ತೆರೀ! ಇಷ್ಟ ದಿನಾ ಮುಚ್ಚಿದ್ದು ಸಾಕು" ಎಂದಳು. ನಮ್ಮವರು ಹೋದ ಮೇಲೆ ನಾನು ಮೊದಲ ಸಲ ನಕ್ಕದ್ದು ಆವತ್ತೇ.

ಮರುದಿನ ಹೋದೆ. ಡಾಕ್ಟರಮ್ಮನಿಗೆ ಬೆರಳಿಟ್ಟು ತೋರಿಸಿ, "ಹೋ ದಾಂತ್ ದುಖ್ತಾ" ಎಂದೆ. ಈ ಹಲ್ಲು ನೋಯುತ್ತದೆ. ಆಕೆ, ಕೀಳಬೇಕು, ಇವತ್ತು ಬಿಸಿಯದು ತಿನ್ನಬೇಡ ಎಂದಳು. ತಿಳಿಯಿತು. ಆಮೇಲೆ ನಾವು ಕಲಿಯದ್ದೊಂದು ಕೇಳಿದಳು: ನಿನ್ನ ಜೊತೆ ಯಾರು ಬಂದಿದ್ದಾರೆ?

"ಕೋಣೂ ನಾ" ಎಂದೆ. ಯಾರೂ ಇಲ್ಲ.

ಅದನ್ನು ಯಾರೂ ಕಲಿಸಿರಲಿಲ್ಲ. ನಮ್ಮವರು ಬೀದಿಯಲ್ಲಿ ಆಡುತ್ತಿದ್ದ ಮಾತು ಕಿವಿಯಲ್ಲಿ ಉಳಿದಿತ್ತು.

ಸಂಜೆ ಹತ್ತಿ ಕಚ್ಚಿದ ಬಾಯಲ್ಲೇ ಎಲ್ಲರಿಗೂ ಹೇಳಿದೆ. ಕೋಣೂ ನಾ ಅಂದದ್ದನ್ನೂ ಹೇಳಿದೆ. ಅರಿವೆ ತಗೊಂಡು ಸಾಲು ಅಳಿಸಿದೆ. ನನ್ನ ಹೆಸರು ಕೊನೆಗೆ ಅಳಿಸಿದೆ.

ಈಗ ಮಾತು ಪಾಂಡಪ್ಪ ಕಲಿಸುತ್ತಾನೆ. ಸಾಲು ಮಾತ್ರ ನಾನೇ ಬರೆಯುತ್ತೇನೆ. ಮೂರನೇ ಇಯತ್ತೆ ಓದಿದವಳ ಅಕ್ಷರ, ಸೊಟ್ಟ ಇದೆ. ಓದಲು ಬರುತ್ತದೆ, ಸಾಕು.

ಬೆಳಿಗ್ಗೆ ಎದ್ದ ಕೂಡಲೇ ಇದ್ದಲು ಕುಟ್ಟಿ, ಸೊಪ್ಪಿನ ರಸದಲ್ಲಿ ಕಲಸಿ ಮಾಸಿದ ಹಲಗೆಗೆ ಬಳಿದು ಬಿಸಿಲಿಗೆ ಇಡುತ್ತೇನೆ. ಯಾರಾದರೂ ಇನ್ನೂ ಬಂದು ಹೇಳದ ಸಾಲು ಇದ್ದರೆ, ಅದನ್ನು ಬಿಟ್ಟು ಸುತ್ತ ಬಳಿಯುತ್ತೇನೆ.