ಆಚಾರಿ ಕರಗಿಸದ ಬೆಳ್ಳಿ

ಆಗೆಲ್ಲ ಅರಿಸಿನ ಬೇಯಿಸುವ ಕಾಲ ಬಂತೆಂದರೆ ಗುಂಡ್ಲುಪೇಟೆಯಿಂದ ಚಾಮರಾಜನಗರದವರೆಗೂ ಅದೇ ಘಮ, ಬಸ್ಸಿನೊಳಗೂ ಅದೇ. ತೊಂಬತ್ತರ ದಶಕದ ಅಂಥದೊಂದು ಮಾಘದಲ್ಲಿ, ಹೊಲದಲ್ಲಿ ಅರಿಸಿನ ಕೀಳುತ್ತಿದ್ದ ಅಜ್ಜಿಗೆ ಒಡೆದ ಕುಡಿಕೆಯೊಂದು ಸಿಕ್ಕಿತು. ಒಳಗೆ ಒಂದು ಹಿಡಿ ನಾಣ್ಯ. ಪೂಜೆಯ ತಂಬಿಗೆ ಬೆಳಗುವಂತೆ ಹುಣಸೆಹಣ್ಣು ಹಾಕಿ ಉಜ್ಜಿದಳು. ಗುಂಗುರು ಕೂದಲಿನ, ನೆಟ್ಟಗಿನ ಮೂಗಿನ ಗಂಡಸೊಬ್ಬ ಬೆಳ್ಳಿಯಲ್ಲಿ ಎದ್ದು ಬಂದ.

"ಶಿವ್ನೇ ಕೊಟ್ಟವ್ನೆ ಕಣಮ್ಮಿ. ನಿನ್ ಕರಡಿಗೆ ಆಯ್ತು ಬುಡು" ಅಂದಳು.

ಶಿವರಾತ್ರಿಗೆ ನನ್ನ ಲಿಂಗದೀಕ್ಷೆ. ಓರಗೆಯ ಹುಡುಗಿಯರು ಲಿಂಗವಿಡುವ ಬೆಳ್ಳಿ ಕರಡಿಗೆಯನ್ನು ಕೊರಳಿಗೆ ಹಾಕಿಕೊಂಡು ಮೆರೆಯುತ್ತಿದ್ದರು. ನನಗೂ ಬೇಕೆಂದು ಹಟ ಹಿಡಿದು ಮುದ್ದೆ ಬಿಟ್ಟಿದ್ದೆ.

ಅಜ್ಜಿ ನನ್ನನ್ನೂ ಕರೆದುಕೊಂಡು ಗುಂಡ್ಲುಪೇಟೆಯ ಅಕ್ಕಸಾಲಿ ಆಚಾರಿಯ ಅಂಗಡಿಗೆ ಹೋದಳು. ಆಚಾರಿ ನಾಣ್ಯಗಳನ್ನು ಕರಗಿಸುವ ಮೂಸೆಗೆ ಹಾಕುತ್ತ, ಕೊನೆಯದನ್ನು ಭೂತಗನ್ನಡಿಯಲ್ಲಿ ನೋಡಿದರು. ನೋಡುತ್ತಲೇ ಕೂತರು.

"ಓದಮ್ಮಿ, ಏನ್ ಬರ್ದವ್ರೆ?" ಎಂದು ನನ್ನ ಮುಂದೆ ಹಿಡಿದರು.

ಐದನೇ ಕ್ಲಾಸಿನಲ್ಲಿ ಆಗಷ್ಟೇ ಎಬಿಸಿಡಿ ಕಲಿತ ಗತ್ತಿನಲ್ಲಿ ಓದಿದೆ: "ಸಿ, ಎ, ಇ, ಎಸ್, ಎ, ಆರ್..." ಅಕ್ಷರ ಗೊತ್ತು, ಅರ್ಥ ಗೊತ್ತಿಲ್ಲ. ಅದು ರೋಮಿನ ದೊರೆಯ ಹೆಸರೆಂದು ಆಮೇಲೆ ನಮ್ಮ ಮೇಷ್ಟ್ರು ಹೇಳಿದರು.

ಆಚಾರಿ ಮೂಸೆಯಲ್ಲಿದ್ದದ್ದನ್ನೆಲ್ಲ ಈಚೆ ಸುರಿದರು. "ಉಗುರಗಲ ಜಾಗ. ಒಂದ್ ಅಕ್ಸರ ಸೊಟ್ಟಗಿಲ್ಲ. ಅಂಚ್ಗೆ ಸಾಸ್ವೆ ಕಾಳಂಗೆ ಚುಕ್ಕಿ ನೋಡವ್ವ. ಈ ಅಚ್ಚು ಕೆತ್ತಿದ ಕೈ ನನ್ ಕೈಗಿಂತ ದೊಡ್ದು. ನಾ ಕರಗ್ಸಕಿಲ್ಲ."

"ಮಗ ಉಪಾಸ ಕುಂತದೆ ಕಣಪ್ಪ."

"ಬ್ಯಾರೆ ಬೆಳ್ಳಿ ಕೊಡು. ಕೂಲಿ ಬ್ಯಾಡ."

ನಾನು ಅಂಗಡಿಯಲ್ಲೇ ಗೊಳೋ ಎಂದು ಅತ್ತೆ. ಅಜ್ಜಿ ಸೆರಗಿನಿಂದ ನನ್ನ ಮೂಗು ಒರೆಸಿ, ಮದುವೆಯಲ್ಲಿ ತೊಟ್ಟಿದ್ದ ತನ್ನ ಬೆಳ್ಳಿ ಕಡಗವನ್ನು ಎಳೆದೆಳೆದು ಬಿಚ್ಚಿ ಮುಂದಿಟ್ಟಳು. ನಾಣ್ಯಗಳು ಮೇಷ್ಟ್ರ ಮೂಲಕ ಸರ್ಕಾರಕ್ಕೆ ಹೋದವು.

ಶಿವರಾತ್ರಿಯ ಹಿಂದಿನ ದಿನ ಕರಡಿಗೆ ಬಂತು. ಅಂಚಿನ ಸುತ್ತ ಸಾಸಿವೆಯಂಥ ಚುಕ್ಕಿಗಳು, ಥೇಟು ನಾಣ್ಯದ್ದೇ! ಊರೆಲ್ಲ ತೋರಿಸಿಕೊಂಡು ಬಂದೆ. ತನಗಿಂತ ದೊಡ್ಡ ಕೈಯನ್ನು ಕಂಡು ಆ ಆಚಾರಿಯಷ್ಟು ಖುಷಿಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ.

ಈಗ ಅಜ್ಜಿಯಿಲ್ಲ, ಆಚಾರಿಯಿಲ್ಲ, ಆ ಅಂಗಡಿಯಲ್ಲಿ ಮೊಬೈಲ್ ಮಾರುತ್ತಾರೆ. ಮೊನ್ನೆ ಕರಡಿಗೆಯ ಕೊಂಡಿ ಸವೆದು ಕಿತ್ತುಬಂತೆಂದು ಚಾಮರಾಜನಗರದ ದೊಡ್ಡ ಅಂಗಡಿಗೆ ಒಯ್ದೆ. ಅಲ್ಲಿನ ಹುಡುಗ ಅಂಚಿನ ಕಡೆ ಕಣ್ಣೂ ಹಾಯಿಸದೆ ತಕ್ಕಡಿಗೆ ಹಾಕಿದ.

"ಇದ್ನ ಕರಗ್ಸ್‌ಬುಟ್ಟು ಹೊಸ್ದು ತಕೊಳಿ ಮೇಡಂ. ಮಿಷಿನ್ ಕಟಿಂಗು, ಐದ್ ನಿಮ್ಷ."

ತಕ್ಕಡಿಯಿಂದ ಕಿತ್ತುಕೊಂಡು ಬಂದೆ. ಈಗ ಕೊಂಡಿಯ ಜಾಗಕ್ಕೆ ದಾರ ಕಟ್ಟಿ ಹಾಕಿಕೊಂಡಿದ್ದೇನೆ.