ಹೊಟ್ಟೆಯ ಮೇಲಿನ ಗೆರೆಗಳು

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದ ಕಾಲ. ನಾನು ಕೊಡ್ಲಿಪೇಟೆ ಕಡೆಯ ಒಂದು ಬೇಸಾಯದ ಮನೆಗೆ ಸೊಸೆಯಾಗಿ ಹೋದೆ. ಮದುವೆಗೆ ಹಿಂದಿನ ವರ್ಷ ವಿಷಮಶೀತ ಜ್ವರ ಬಂದು ನನ್ನ ಮೈಯಲ್ಲಿ ಮೂಳೆ ಮಾತ್ರ ಉಳಿದಿತ್ತು. ಗಂಡಿನವರು ನೋಡಲು ಬರುವಷ್ಟರಲ್ಲಿ ಮೈ ತುಂಬಿಕೊಳ್ಳಲಿ ಎಂದು ಅವ್ವ ತುಪ್ಪ, ಬೆಲ್ಲ, ಗಂಜಿ ಎಂದು ಬಿಡದೆ ತಿನ್ನಿಸಿದಳು. ಹಳೆಯ ರವಿಕೆ ಒಂದೂ ಹಿಡಿಸದಷ್ಟು ತುಂಬಿಕೊಂಡೆ. ಆಗಲೇ ಕಿಬ್ಬೊಟ್ಟೆಯಲ್ಲೂ ಸೊಂಟದ ಪಕ್ಕದಲ್ಲೂ ನೇರಳೆ ಬಣ್ಣದ ಗೆರೆಗಳು ಮೂಡಿದವು. ನೋವಿರಲಿಲ್ಲ. ಯಾರಿಗೂ ಹೇಳಲಿಲ್ಲ.

ಮದುವೆಯಾದ ಹೊಸತರಲ್ಲಿ ಒಂದು ಶನಿವಾರ ಅತ್ತೆ ನನಗೆ ಎಣ್ಣೆ ಹಚ್ಚಿ ನೀರೆರೆಯಲು ಕೂರಿಸಿದರು. ಬೆನ್ನು ಉಜ್ಜುತ್ತಿದ್ದ ಕೈ ಸೊಂಟಕ್ಕೆ ಬಂದು ನಿಂತಿತು.

"ಇದೇನೇ ಇದು?"

"ಗೊತ್ತಿಲ್ಲ ಅತ್ತೆ. ಜ್ವರ ಬಿಟ್ಟಮೇಲೆ ಬಂದಿದ್ದು."

"ನಾನೂ ಹೆತ್ತೋಳು ಕಣೇ. ಜ್ವರಕ್ಕೆ ಹೊಟ್ಟೆ ಮೇಲೆ ಗೆರೆ ಬೀಳಲ್ಲ."

ಅವರ ಮಾತಿನ ಅರ್ಥ ತಲೆಗೆ ಹತ್ತಲು ಸ್ವಲ್ಪ ಹೊತ್ತು ಬೇಕಾಯಿತು. ನಾನು ಇದಕ್ಕೆ ಮೊದಲೇ ಎಲ್ಲೋ ಒಂದು ಮಗು ಹೆತ್ತಿದ್ದೇನೆ ಎಂದು ಅವರು ತಿಳಿದಿದ್ದರು. ಅಂದು ಸಂಜೆಯೇ ಗಂಡ ತಮ್ಮ ಚಾಪೆಯನ್ನು ಜಗಲಿಗೆ ಒಯ್ದರು. ಆಮೇಲೆ ಊಟಕ್ಕೆ ಬಡಿಸಿದರೂ ತಲೆ ಎತ್ತುತ್ತಿರಲಿಲ್ಲ.

ನಾನು ಏನನ್ನು ತೋರಿಸಿ ಸಾಬೀತು ಮಾಡಲಿ? ನನ್ನ ಮೈಯೇ ನನ್ನ ವಿರುದ್ಧ ಸಾಕ್ಷಿ ಹೇಳುತ್ತಿತ್ತು. ಆ ಗೆರೆ ಹೋದರೆ ಮಾತೂ ಹೋಗುತ್ತದೆ ಎಂದುಕೊಂಡೆ. ಹರಳೆಣ್ಣೆಗೆ ಅರಿಶಿನ ಕಲಸಿ ಹಚ್ಚಿದೆ. ನಿಂಬೆಹೋಳು ತಿಕ್ಕಿದೆ. ಕಲ್ಲಿನಿಂದ ಉಜ್ಜಿ ರಕ್ತ ಬರಿಸಿಕೊಂಡೆ. ಗೆರೆಗಳು ಇದ್ದ ಹಾಗೇ ಇದ್ದವು. ಕೊನೆಗೆ, ಅಗಸರು ಬಟ್ಟೆಗೆ ಗುರುತು ಹಾಕುವ ಕಾಡುಗೇರಿನ ರಸ ನರಹುಲಿಯನ್ನು ಸುಟ್ಟುಬಿಡುತ್ತದೆ ಎಂದು ಕಳೆ ಕೀಳುವ ಹೆಂಗಸರು ಆಡಿಕೊಂಡಿದ್ದು ನೆನಪಾಯಿತು. ಕಾಯಿ ಒಡೆದು, ಕಡ್ಡಿಯಲ್ಲಿ ಅದ್ದಿ, ಹೊಟ್ಟೆಯ ಗೆರೆಗಳ ಮೇಲೆಲ್ಲ ಎಳೆದುಕೊಂಡೆ.

ಮಾರನೆಯ ದಿನ ತಡೆಯಲಾರದ ತುರಿಕೆ. ಆಮೇಲೆ ಹೊಟ್ಟೆಯಿಡೀ ಬೊಬ್ಬೆ ಎದ್ದು ನೀರು ಸೋರತೊಡಗಿತು. ಸೀರೆ ಸುತ್ತಲಾಗದೆ ಮೂಲೆಯಲ್ಲಿ ಮುದುಡಿ ಬಿದ್ದಿದ್ದೆ. ಮೈ ಜ್ವರದಿಂದ ಸುಡುತ್ತಿತ್ತು. ಅತ್ತೆ ಬಂದು ಹೊದಿಕೆ ಎತ್ತಿ ನೋಡಿದರು.

"ಏನ್ ಮಾಡ್ಕೊಂಡೆ ಹುಡುಗಿ?"

"ಅದನ್ನ ತೆಗೀಬೇಕಿತ್ತು," ಎಂದೆ. ಇದರಲ್ಲೇ ಸತ್ತರೆ ಒಳ್ಳೆಯದು ಅನ್ನಿಸಿತ್ತು ನನಗೆ.

ಅತ್ತೆಯೂ ಗಂಡನೂ ನನ್ನನ್ನು ಬಸ್ಸಿನಲ್ಲಿ ಮಡಿಕೇರಿಯ ಆಸ್ಪತ್ರೆಗೆ ಕರೆದೊಯ್ದರು. ಡಾಕ್ಟರಮ್ಮ ಗಾಯ ತೊಳೆದು, ಮುಲಾಮು ಹಚ್ಚಿ, ಯಾಕೆ ಹೀಗೆ ಮಾಡಿಕೊಂಡೆ ಎಂದು ಕೇಳಿದರು. ಅತ್ತೆಯೇ ತಡವರಿಸುತ್ತ ಹೇಳಿದರು. ಡಾಕ್ಟರಮ್ಮ ಸುಡದೆ ಉಳಿದಿದ್ದ ಸೊಂಟದ ಗೆರೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಮೈ ಬೇಗ ಬೇಗ ದಪ್ಪ ಆದ್ರೆ ಚರ್ಮ ಒಳಗಡೆ ಹರಿಯುತ್ತಮ್ಮ. ಬಸುರಿಗೇ ಆಗ್ಬೇಕು ಅಂತಿಲ್ಲ. ಗಂಡು ಹುಡುಗ್ರಿಗೂ ಬರುತ್ತೆ. ಹೊರಗೆ ನಿಂತಿದಾರಲ್ಲ ನಿಮ್ಮ ಮಗ, ಅಷ್ಟು ಉದ್ದ, ಒಂದೇ ಸಲ ಬೆಳೆದ್ರಾ?"

"ಹೂಂ, ಮೀಸೆ ಬರೋ ಹೊತ್ನಲ್ಲಿ ಸರ್ರಂತ ಬೆಳ್ದ."

"ಬೆನ್ನ ಮೇಲೆ ಅಡ್ಡಡ್ಡ ಗೆರೆ ಇದೆಯಾ?"

ಅತ್ತೆ ಮೆಲ್ಲಗೆ, "ಅದು ಇಸ್ಕೂಲಲ್ಲಿ ಮೇಷ್ಟ್ರು ಹೊಡೆದಿದ್ದಲ್ವಾ?" ಎಂದರು.

"ಬಾಸುಂಡೆ ಇಷ್ಟು ವರ್ಷ ಉಳಿಯಲ್ಲ. ಅದೂ ಇದೇನೇ."

"ಹೋಗೋಕೆ ಔಷಧಿ ಇಲ್ವಾ?" ಎಂದು ನಾನು ಕೇಳಿದೆ.

"ಇಲ್ಲ. ಯಾವ ಎಣ್ಣೆಗೂ ಪೂರ್ತಿ ಹೋಗಲ್ಲ. ಬರ್ತಾ ಬರ್ತಾ ಬೆಳ್ಳಗಾಗಿ ಮಾಸುತ್ತೆ, ಅಷ್ಟೇ. ಇನ್ನು ಏನೂ ಹಚ್ಚಬೇಡ."

ಬಸ್ಸಿಗೆ ಕಾಯುವಾಗ ಅತ್ತೆ ಮಗನಿಗೆ ಎಲ್ಲ ಹೇಳಿದರು. ಅವರು ಅಂಗಿಯ ಹಿಂದೆ ಕೈ ಹಾಕಿ ಬೆನ್ನು ತಡವಿಕೊಂಡರು, ನನ್ನ ಕಡೆ ನೋಡಲಿಲ್ಲ. ತಪ್ಪಾಯಿತು ಎಂದು ಅಂದೂ ಆಮೇಲೂ ಯಾರೂ ನನಗೆ ಹೇಳಲಿಲ್ಲ.

ಗಾಯ ಒಣಗುವವರೆಗೆ ತವರಿನಲ್ಲಿರಲು ಕಳಿಸಿದರು. ಸುಟ್ಟು ಕಪ್ಪಾದ ಹೊಟ್ಟೆ ನೋಡಿ ಅವ್ವ ಅತ್ತಳು. ಬಿಸಿನೀರು ಚೆಲ್ಲಿತು ಎಂದೆ. ನಿಜ ಹೇಳಿದರೆ ಅಪ್ಪ ನನ್ನನ್ನು ಮರಳಿ ಕಳಿಸುತ್ತಿರಲಿಲ್ಲ, ಇನ್ನೂ ಮದುವೆಯಾಗಬೇಕಿದ್ದ ತಂಗಿಯರಿಗೆ ಆ ಮಾತೇ ಅಡ್ಡ ಬರುತ್ತಿತ್ತು. ಗಂಡ ಕರೆಯಲು ಬಂದಾಗ ಬಾಗಿಲಲ್ಲಿ ನಿಂತು, "ಹೋಗೋಣ್ವಾ?" ಎಂದರು. ನನಗೆ ಬೇರೆ ಜಾಗವಿರಲಿಲ್ಲ. ಬಟ್ಟೆಗಂಟು ಎತ್ತಿಕೊಂಡು ಅವರ ಹಿಂದೆ ಹೊರಟೆ.