ಜೇನು ಎದ್ದ ನಡುಗಡ್ಡೆ

ನಮ್ಮ ಊರನ್ನು ಎಲ್ಲರೂ ಇನ್ನೂ ಗುಲಬರ್ಗಾ ಅನ್ನುತ್ತಿದ್ದ ದಿನಗಳು. ಗಾಜಿಪುರದ ನಮ್ಮ ಓಣಿಯ ಮಕ್ಕಳಿಗೆ ನೀರು ಎಂದರೆ ನಳ ಬಂದಾಗ ತುಂಬಿಡುವ ಕೊಡ, ಬಕೆಟ್ಟು, ಅಷ್ಟೇ. ಹೀಗಾಗಿ ಚಳಿಗಾಲದಲ್ಲಿ ಕಮಲಾಪುರದಿಂದ ಮಾಮಾ "ಸೀತನಿ ತಿನ್ನಾಕ ಬರ್ರಿ" ಎಂದು ಹೇಳಿಕಳಿಸಿದರೆ ನನಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಮಾಮಾ ನಮ್ಮ ಅವ್ವನ ತಮ್ಮ. ಡ್ಯಾಮು ಕಟ್ಟಿದಾಗ ಅವನ ಹೊಲ ಮುಳುಗಿ, ಎತ್ತರದ ಒಂದು ತುಂಡು ಮಾತ್ರ ನೀರಿನ ನಡುವೆ ಉಳಿದಿತ್ತು. ಆ ನಡುಗಡ್ಡೆಯಲ್ಲೇ ಜೋಳ ಬಿತ್ತುತ್ತಿದ್ದ. ಎಳೆಯ ತೆನೆಗಳನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಬಿಸಿಬಿಸಿ ಸೀತನಿಯನ್ನು ಶೇಂಗಾ ಹಿಂಡಿ ಎನ್ನುವ ಚಟ್ನಿಪುಡಿಯ ಜೊತೆ ತಿನ್ನಲು ಅಲ್ಲಿಗೇ ಹೋಗಬೇಕು.

ನಾನಾಗ ಐದನೇ ಕ್ಲಾಸು. ತಮ್ಮ ಬಸು ತೀರಾ ಸಣ್ಣವನು, ಅವ್ವನ ಸೊಂಟ ಬಿಟ್ಟು ಇಳಿಯುತ್ತಿರಲಿಲ್ಲ. ಮಾಮಾನ ದೋಣಿಯಲ್ಲಿ ಕೂತು ನಾನು ನೀರಿಗೆ ಕೈ ಇಳಿಬಿಟ್ಟಿದ್ದೆ.

"ಇಲ್ಲೇ ನೋಡು, ಇದರ ಕೆಳಗ ನಮ್ಮ ಬಾವಿ ಐತಿ" ಅಂದ ಮಾಮಾ.

ಥಟ್ಟನೆ ಕೈ ಎಳೆದುಕೊಂಡೆ. ನೀರಿನೊಳಗೆ ಇನ್ನೊಂದು ನೀರು ಬಾಯಿ ತೆರೆದು ಕೂತಿದೆ ಎನಿಸಿತು.

ನಡುಗಡ್ಡೆಯಲ್ಲಿ ಮನುಷ್ಯರ ಸದ್ದೇ ಇರಲಿಲ್ಲ. ದಂಡೆಯಲ್ಲಿ ಬೆಳ್ಳಕ್ಕಿಗಳು, ಬದುವಿನ ಮೇಲೆ ಹಳದಿ ಆವರಿಕೆ ಹೂ, ಎದೆಮಟ್ಟ ಬೆಳೆದ ಜೋಳ. ನಡುವೆ ಒಂದು ದೊಡ್ಡ ಹುಣಸೆ ಮರ. ಅದರ ಕೊಂಬೆಗಳಲ್ಲಿ ಮೊರದಗಲದ ಹೆಜ್ಜೇನಿನ ಹುಟ್ಟುಗಳು ಕಪ್ಪಗೆ ಜೋತಿದ್ದವು.

"ಅವು ತಮ್ಮ ಪಾಡಿಗೆ ತಾವು ಇರ್ತಾವ. ಕಲ್ಲು ಒಗಿಬ್ಯಾಡ, ಅಷ್ಟ" ಅಂದ ಮಾಮಾ ಮರದಿಂದ ದೂರದಲ್ಲಿ ಗುಂಡಿ ತೋಡಿ ಸೆಗಣಿ ಕುಳ್ಳು ಹೊತ್ತಿಸಿದ. ರೊಟ್ಟಿ, ಮೊಸರು ಹಿಡಿದು ಆಚೆ ದಂಡೆಯಲ್ಲಿ ಕಾಯುತ್ತಿದ್ದ ಅತ್ತೆಯನ್ನು ಕರೆತರಲು ದೋಣಿ ತಿರುಗಿಸಿದ. ನಾವು ಮೂವರೇ ಉಳಿದೆವು.

ಅಷ್ಟರಲ್ಲಿ ಗಾಳಿ ದಿಕ್ಕು ಬದಲಿಸಿತು. ಹೊಗೆ ನೆಲ ಹಿಡಿದು ಸಾಗಿ ಹುಣಸೆಯ ಬುಡ ಮುಟ್ಟಿ ಮೇಲೇರಿತು. ಮೊದಲು ಒಂದು ಹುಳ ನನ್ನ ಮುಖದ ಮುಂದೆ ಸುಳಿಯಿತು. ಆಮೇಲೆ ಏರು ಹತ್ತುವ ಲಾರಿಯಂಥ ಸದ್ದು ಮರದಿಂದ ಬಂತು.

"ಹುಳ ಎದ್ವು!" ಎಂದು ಚೀರಿದ ಅವ್ವ ಹಾಸಿದ್ದ ಕೌದಿ ಎಳೆದು, ನಮ್ಮಿಬ್ಬರನ್ನೂ ಬೋರಲು ಮಲಗಿಸಿ ಮೇಲೆ ಮುಚ್ಚಿದಳು. "ಏನ ಆದ್ರೂ ಹೊರಗ ಬರಬ್ಯಾಡ್ರಿ. ಅಲುಗಾಡಬ್ಯಾಡ್ರಿ."

ಕೌದಿ ಇಬ್ಬರಿಗೇ ಸಾಲುವಷ್ಟಿತ್ತು.

ಒಳಗೆ ಕತ್ತಲು, ಹಳೆ ಸೀರೆಗಳ ವಾಸನೆ. ಬಸುವಿನ ಬಾಯಿ ಮುಚ್ಚಿ ಹಿಡಿದಿದ್ದೆ. ಅವನು ಉಚ್ಚೆ ಹೊಯ್ದುಕೊಂಡಿದ್ದು ನನ್ನ ಫ್ರಾಕಿಗೆ ಬೆಚ್ಚಗೆ ತಗುಲಿತು. ಬಟ್ಟೆಯ ಮೇಲೆ ಹುಳಗಳು ಸರಿದಾಡುವುದು ತಲೆಗೆ, ಕತ್ತಿಗೆ ತಿಳಿಯುತ್ತಿತ್ತು. ಒಂದು ಹೇಗೋ ನುಸುಳಿ ಕಿವಿಗೆ ಕಚ್ಚಿತು. ಕೂಗದಿರಲು ನನ್ನ ತೋಳನ್ನೇ ಕಚ್ಚಿಕೊಂಡೆ.

"ಅವ್ವಾ, ಇದ್ದೀಯಾ?"

"ಇದ್ದೀನಿ. ಸುಮ್ಮಿರು."

ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದೆ. "ಇದ್ದೀನಿ" ಎಂದಿತು ದನಿ, ಈ ಸಲ ತೊದಲುತ್ತಾ.

ಮತ್ತೆ ಕೇಳಿದಾಗ ಉತ್ತರ ಬರಲಿಲ್ಲ. ನಮ್ಮ ಬೆನ್ನಿನ ಮೇಲೆ ಏನೋ ಭಾರವಾಗಿ ಬಿತ್ತು. ಬಿದ್ದದ್ದು ಅಲುಗಾಡಲಿಲ್ಲ.

ಅವ್ವ ಸತ್ತಳು ಅಂದುಕೊಂಡೆ. ಹುಳಗಳ ಹೆದರಿಕೆ ಅದರ ಮುಂದೆ ಏನೂ ಅಲ್ಲ. ಕೌದಿ ಎತ್ತಿ ನೋಡಬೇಕೆನಿಸುತ್ತಿತ್ತು, ನೋಡಿದರೆ ಅದು ನಿಜವಾಗಿಬಿಡುತ್ತದೆ ಎಂದು ಕೈ ಏಳುತ್ತಿರಲಿಲ್ಲ. ಹಾಗೇ ಬಿದ್ದುಕೊಂಡಿದ್ದೆ, ಎಷ್ಟು ಹೊತ್ತೋ.

ಕೊನೆಗೆ ದಟ್ಟ ಹೊಗೆ ಮೂಗಿಗೆ ಬಡಿಯಿತು. "ಅಕ್ಕಾ! ಅಕ್ಕಾ, ಏಳು!" ಎನ್ನುವ ಮಾಮಾನ ಕೂಗು. ನೀರಲ್ಲಿ ಅದ್ದಿದ ಧೋತರವನ್ನು ತಲೆಗೆ ಸುತ್ತಿ, ಹಸಿ ದಂಟಿನ ಕಟ್ಟಿಗೆ ಬೆಂಕಿ ಹಚ್ಚಿ ಬೀಸುತ್ತಾ ಬಂದಿದ್ದ. ಭಾರ ಎದ್ದಿತು. ಕೌದಿ ಸರಿಯಿತು.

ಅವ್ವನ ಕಣ್ಣು ಮುಚ್ಚಿಹೋಗಿದ್ದವು. ತುಟಿ, ಕೆನ್ನೆ, ಹಣೆ ಎಲ್ಲ ಊದಿ ಒಂದಾಗಿದ್ದವು. ಅವಳು ತಡಕಾಡುತ್ತಾ ಕೈ ಚಾಚಿದರೆ ಬಸು ಕಿಟಾರನೆ ಕಿರುಚಿದ: "ಇಕಿ ನಮ್ಮ ಅವ್ವ ಅಲ್ಲ!"

ದೋಣಿಯಲ್ಲಿ ಅವಳ ಕೈ ಹಿಡಿದು ಕೂತವಳು ನಾನೊಬ್ಬಳೇ. ಕಮಲಾಪುರದ ದವಾಖಾನೆಯಲ್ಲಿ ಸೂಜಿ ಚುಚ್ಚಿ, ಅಲ್ಲಿಂದ ಜೀಪಿನಲ್ಲಿ ಗುಲಬರ್ಗಾಕ್ಕೆ ತಂದರು. ಅವ್ವ ಉಳಿದಳು. ಊತ ಇಳಿದು ಮುಖ ಮೊದಲಿನಂತಾಗುವವರೆಗೂ ಬಸು ಅವಳ ಹತ್ತಿರ ಸುಳಿಯಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದಳು.

ನನ್ನ ಮದುವೆಯಾದ ಮೇಲೆ ಒಮ್ಮೆ ಕೇಳಿದೆ, "ಆವತ್ತು ಯಾಕವ್ವಾ ಮಾತಾಡೋದು ಬಿಟ್ಟಿ?"

"ಬಾಯಿ ತೆಗದ್ರ ಹುಳ ಒಳಗ ಬರ್ತಿದ್ವು. ಅದಕ್ಕ ನಿಮ್ಮ ಮ್ಯಾಲ ಬಿದ್ದೆ. ಅವ್ವ ಇಲ್ಲೇ ಅದಾಳ ಅಂತ ತಿಳೀಲಿ ಅಂತ."

ನನಗೆ ತಿಳಿದದ್ದು ಏನೆಂದು ನಾನು ಹೇಳಲಿಲ್ಲ.

ಈಗ ಅವ್ವ ಇಲ್ಲ, ಮಾಮಾನೂ ಇಲ್ಲ. ನಡುಗಡ್ಡೆ ಅಲ್ಲೇ ಇದೆ ಅನ್ನುತ್ತಾರೆ, ಬಿತ್ತುವವರಿಲ್ಲ. ಬಸುವನ್ನು ಕೇಳಿದರೆ ನಗುತ್ತಾನೆ: "ಖರೇನ ಅಕ್ಕಾ? ನನಗ ಏನೂ ನೆನಪಿಲ್ಲ." ಅಷ್ಟು ಹೆದರಿದ್ದೆವು ಎಂದರೆ ಹೌದು ಎನ್ನಲು ಈಗ ಯಾರೂ ಉಳಿದಿಲ್ಲ.